ಯುದ್ಧಾನಂತರದ ಸಂಧಾನಧರ್ಮ

(ಶ್ರೀಮಠದ ಮಹೋತ್ಸವದ ಶಿವಾನುಭವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

॥ ಶ್ರೀ ಗುರುಬಸವಲಿಂಗಾಯ ನಮಃ ॥



ಲಿಂಗವಂತರ ಮನೆಯಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದರೆ ಏನು ನಡೆಯುವುದೆಂಬುದನ್ನು ಈ ಸಭೆಗೆ ವಿವರಿಸಬೇಕಾದುದಿಲ್ಲ. ಆ ಶರೀರಕ್ಕೆ ಸ್ನಾನ ಮಾಡಿಸಿ, ವಿಭೂತಿಯನ್ನು ಧರಿಸಿ, ಕುಳ್ಳಿರಿಸಿ, ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ, ಪತ್ರೆಪುಷ್ಪಗಳೊಡನೆ ಭೂಮಿಗೆ ಒಪ್ಪಿಸುವರು. ಮರಣಸೂತಕವನ್ನು ಒಪ್ಪದ ಧರ್ಮವಿದು; ಆದರೂ ಮೃತರ ಗೌರವವನ್ನು ಕಿಂಚಿತ್ತಾದರೂ ಕುಂದಿಸಿದ ಧರ್ಮವಲ್ಲ. ಮಠಕ್ಕೆ ಬಂದ ಭಕ್ತನು ಮೊದಲು ಗದ್ದುಗೆಗೆ ಹಣೆಮಣಿದು ತರುವಾಯ ಪ್ರಸಾದಕ್ಕೆ ಕುಳಿತುಕೊಳ್ಳುವನು. ತನ್ನ ತಂದೆಯ ಸಮಾಧಿಯು ಯಾವ ಹೊಲದ ಯಾವ ಬದುವಿನ ಬಳಿ ಇರುವುದೆಂಬುದನ್ನು ನಮ್ಮ ನಾಡಿನ ರೈತನು ಕಗ್ಗತ್ತಲೆಯಲ್ಲಿಯೂ ತೋರಿಸಬಲ್ಲನು. ಈ ಭಾಗ್ಯವು ಎಷ್ಟು ದೊಡ್ಡದೆಂಬುದು ಅದನ್ನು ಪಡೆದವರಿಗೆ ತಿಳಿಯದು; ಅದು ತಪ್ಪಿದವರನ್ನು ಕಂಡಾಗ ಮಾತ್ರ ತಿಳಿಯುವುದು.

ರಾಮೇಶ್ವರದಿಂದ ಅಷ್ಟೇನೂ ದೂರವಲ್ಲದ ಲಂಕಾದ್ವೀಪದಲ್ಲಿ ಈ ಭಾಗ್ಯವಿಲ್ಲದ ತಾಯಂದಿರು ಸಾವಿರಾರು ಮಂದಿ ಇರುವರು. ಆ ದ್ವೀಪದ ಉತ್ತರಭಾಗದಲ್ಲಿ ಕಿಲಿನೊಚ್ಚಿ ಎಂಬುದೊಂದು ಊರು. ಅಲ್ಲಿನ ಕಂದಸ್ವಾಮಿ ದೇವಾಲಯದ ಬಳಿ 2017ನೆಯ ಇಸವಿ ಫೆಬ್ರವರಿ 20ರಂದು ತಮಿಳು ತಾಯಂದಿರು ಬಂದು ರಸ್ತೆಯ ಬದಿಯಲ್ಲಿ ಕುಳಿತರು. ಒಬ್ಬೊಬ್ಬಳ ಕೈಯಲ್ಲಿಯೂ ಒಂದೊಂದು ಭಾವಚಿತ್ರವಿದ್ದಿತು. ಕೆಲವರ ಮಕ್ಕಳನ್ನು ರಾತ್ರಿಯ ಹೊತ್ತು ಬಿಳಿಯ ವ್ಯಾನುಗಳಲ್ಲಿ ಬಂದವರು ಎತ್ತಿಕೊಂಡು ಹೋಗಿದ್ದರು. ಕೆಲವರ ಮಕ್ಕಳನ್ನು ಬಂಡಾಯಗಾರರು ಬಲಾತ್ಕಾರದಿಂದ ತಮ್ಮ ಪಡೆಗೆ ಸೇರಿಸಿಕೊಂಡಿದ್ದರು. ಮತ್ತೆ ಕೆಲವರು ಯುದ್ಧದ ಕಡೆಯ ದಿನಗಳಲ್ಲಿ ತಮ್ಮ ಮಕ್ಕಳನ್ನು ತಮ್ಮ ಕೈಯಿಂದಲೆ ಸರ್ಕಾರದ ಸೈನ್ಯಕ್ಕೆ ಒಪ್ಪಿಸಿದ್ದರು. ವಿಚಾರಣೆಯಾದೊಡನೆ ಬಿಟ್ಟುಬಿಡುವರೆಂದು ನಂಬಿದ್ದರು. ಇವರೆಲ್ಲರ ಬೇಡಿಕೆಯೂ ಒಂದೆ: ಬದುಕಿದ್ದರೆ ತೋರಿಸಿರಿ, ಸತ್ತಿದ್ದರೆ ಎಲ್ಲಿ, ಹೇಗೆ, ಯಾರಿಂದ ಎಂಬುದನ್ನು ತಿಳಿಸಿರಿ. ದಿನಗಳು ತಿಂಗಳುಗಳಾದುವು, ತಿಂಗಳುಗಳು ವರ್ಷಗಳಾದುವು. ಉತ್ತರವು ದೊರೆಯದೆಯೆ ಅವರಲ್ಲಿ ಅನೇಕರು ತೀರಿಹೋದರು.

ಯುದ್ಧವು ನಿಂತೊಡನೆ ಶಾಂತಿಯು ತಾನಾಗಿ ನೆಲೆಗೊಳ್ಳುವುದೆ? ಸೋತವರು ಮೌನವಾಗಿರುವುದನ್ನೆ ಸಂಧಾನವೆಂದು ಕರೆಯಬಹುದೆ? ಇದು ಈ ದಿನದ ವಿಚಾರ. ಸತ್ತವರಿಗೆ ಲೆಕ್ಕವನ್ನೂ ಬದುಕಿದವರಿಗೆ ಉತ್ತರವನ್ನೂ ಕೊಡದೆ ಯಾವ ರಾಜ್ಯದಲ್ಲಿಯೂ ಸಂಧಾನವು ಸಿದ್ಧಿಸದೆಂಬುದೆ ಇಲ್ಲಿ ಪ್ರತಿಪಾದಿಸತಕ್ಕ ಅರ್ಥ.

ಮೊದಲು ಆ ಕಲಹದ ಮೂಲವನ್ನು ಸಂಕ್ಷೇಪವಾಗಿ ನೋಡೋಣ. ಲಂಕೆಯು 1948ನೆಯ ಇಸವಿ ಫೆಬ್ರವರಿ 4ರಂದು ಸ್ವತಂತ್ರವಾಯಿತು. ಅದೇ ವರ್ಷದ ಡಿಸೆಂಬರ್ 10ರಂದು ಸಂಯುಕ್ತರಾಷ್ಟ್ರಸಂಘವು ಮಾನವ ಹಕ್ಕುಗಳ ಘೋಷಣೆಯನ್ನು ಹೊರಡಿಸಿತು. ಆದರೆ ಆ ವರ್ಷವೆ ಲಂಕೆಯ ಪಾರ್ಲಿಮೆಂಟು ಒಂದು ಪೌರತ್ವದ ಕಾನೂನನ್ನು ಮಾಡಿ, ಚಹದ ತೋಟಗಳಲ್ಲಿ ದುಡಿಯುತ್ತಿದ್ದ ಭಾರತಮೂಲದ ತಮಿಳು ಕೂಲಿಗಾರರಲ್ಲಿ ಬಹುಮಂದಿಯನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1956ರಲ್ಲಿ ಸಿಂಹಳಭಾಷೆಯೊಂದೆ ರಾಜ್ಯಭಾಷೆಯೆಂಬ ಕಾನೂನು ಬಂದಿತು. ತಮಿಳರ ದೂರುಗಳನ್ನು ಪರಿಹರಿಸುವುದಕ್ಕಾಗಿ ಪ್ರಧಾನಮಂತ್ರಿ ಬಂಡಾರನಾಯಕೆಯವರು 1957ರಲ್ಲಿ ತಮಿಳರ ನಾಯಕರಾದ ಚೆಲ್ವನಾಯಕಂ ಅವರೊಡನೆ ಒಂದು ಒಡಂಬಡಿಕೆಯನ್ನು ಮಾಡಿಕೊಂಡರು. ಮರುವರ್ಷ ಬೌದ್ಧಭಿಕ್ಷುಗಳು ಪ್ರಧಾನಮಂತ್ರಿಯ ಮನೆಯ ಮುಂದೆ ಕುಳಿತು ಹಟ ಹಿಡಿದರು, ಒಡಂಬಡಿಕೆಯು ರದ್ದಾಯಿತು. ಅದೇ ವರ್ಷ ದೊಂಬಿಗಳಾಗಿ ತಮಿಳರು ಸತ್ತರು. 1959ರಲ್ಲಿ ಆ ಪ್ರಧಾನಮಂತ್ರಿಯೆ ಒಬ್ಬ ಭಿಕ್ಷುವಿನ ಗುಂಡಿಗೆ ಬಲಿಯಾದರು. ಕಾವಿಯನ್ನುಟ್ಟವರ ಮಾತಿಗೆ ಜನರಲ್ಲಿ ಎಷ್ಟು ಬಲವುಂಟೋ ಅದರ ತಪ್ಪಿಗೂ ಅಷ್ಟೆ ಬಲವುಂಟೆಂಬುದಕ್ಕೆ ಇದೊಂದು ನಿದರ್ಶನ. ಮಠದ ಸಭೆಯಲ್ಲಿ ಈ ಮಾತನ್ನು ಮರೆಮಾಡುವುದು ತರವಲ್ಲ.

ತರುವಾಯದ ಘಟನೆಗಳು ಒಂದನ್ನೊಂದು ಹಿಂಬಾಲಿಸಿ ಬಂದುವು. 1979ರಲ್ಲಿ ಭಯೋತ್ಪಾದನೆಯ ನಿವಾರಣೆಗೆಂದು ಒಂದು ಕಾನೂನಾಯಿತು. ಅದು ತಾತ್ಕಾಲಿಕವೆಂದು ಹೆಸರಿಟ್ಟುಕೊಂಡು ಬಂದಿತು, 1982ರಲ್ಲಿ ಶಾಶ್ವತವಾಯಿತು. ಪೊಲೀಸ್ ಅಧಿಕಾರಿಯ ಎದುರಿನಲ್ಲಿ ಹೇಳಿಸಿದ ತಪ್ಪೊಪ್ಪಿಗೆಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಸ್ವೀಕರಿಸುವುದಕ್ಕೆ ಅದರಲ್ಲಿ ಅವಕಾಶವಿದ್ದಿತು. ಅದರಿಂದ ಸೆರೆಯಾಳುಗಳನ್ನು ಹಿಂಸಿಸುವುದಕ್ಕೆ ದಾರಿಯಾಯಿತು. 1981ನೆಯ ಇಸವಿ ಮೇ 31ರ ರಾತ್ರಿ ಜಾಫ್ನಾ ನಗರದ ಪುಸ್ತಕಭಂಡಾರಕ್ಕೆ ಬೆಂಕಿಯಿಟ್ಟರು. ತಾಳೆಯೋಲೆಯ ಗ್ರಂಥಗಳೂ ಸೇರಿ ಸುಮಾರು 97,000 ಗ್ರಂಥಗಳು ಬೂದಿಯಾದುವು. 1983ನೆಯ ಜುಲೈ ತಿಂಗಳಲ್ಲಿ ಬಂಡಾಯಗಾರರು ಹೊಂಚುಹಾಕಿ 13 ಮಂದಿ ಸೈನಿಕರನ್ನು ಕೊಂದರು. ಅದರ ಬೆನ್ನಿಗೆ ಕೊಲಂಬೊ ಮೊದಲಾದ ಊರುಗಳಲ್ಲಿ ತಮಿಳರ ಮನೆಗಳನ್ನು ಹುಡುಕಿ ಹುಡುಕಿ ಸುಟ್ಟರು, ಜನರನ್ನು ಕೊಂದರು. ಆ ಘೋರದ ನಡುವೆಯೂ ತಮ್ಮ ನೆರೆಯ ತಮಿಳರನ್ನು ಮನೆಯೊಳಗೆ ಅಡಗಿಸಿ ಕಾಪಾಡಿದ ಸಿಂಹಳೀಯರು ಅನೇಕರಿದ್ದರೆಂಬುದನ್ನು ಮರೆಯಲಾಗದು. ಅಂದು ಹೊತ್ತಿದ ಯುದ್ಧವು 26 ವರ್ಷಗಳ ಕಾಲ ಉರಿಯಿತು.

ಈ ಯುದ್ಧದಲ್ಲಿ ಒಂದು ಪಕ್ಷದವರೆಲ್ಲರೂ ರಾಕ್ಷಸರು, ಮತ್ತೊಂದು ಪಕ್ಷದವರೆಲ್ಲರೂ ಸಾಧುಗಳು ಎಂದು ಹೇಳುವವನು ಸತ್ಯವನ್ನು ಅರಿಯನು. ತಮಿಳರ ಹೆಸರಿನಲ್ಲಿ ಕಾದಿದ ಹುಲಿಗಳ ಪಡೆಯು 1985ರಲ್ಲಿ ಅನುರಾಧಪುರದ ಪವಿತ್ರವಾದ ಬೋಧಿವೃಕ್ಷದ ಬಳಿಯಲ್ಲಿಯೂ ಬಸ್ಸಿನ ನಿಲ್ದಾಣದಲ್ಲಿಯೂ ನೂರಕ್ಕೂ ಹೆಚ್ಚು ಜನ ನಿರಾಯುಧರನ್ನು ಕೊಂದಿತು. 1990ರ ಆಗಸ್ಟಿನಲ್ಲಿ ಕಾತ್ತಾನ್‌ಕುಡಿಯ ಮಸೀದಿಗಳಲ್ಲಿ ನಮಾಜಿಗೆ ಬಾಗಿದ್ದ ನೂರಕ್ಕೂ ಮಿಕ್ಕಿದ ಮುಸಲ್ಮಾನರು ಹತರಾದರು. ಅದೇ ವರ್ಷದ ಅಕ್ಟೋಬರಿನಲ್ಲಿ ಆ ಪಡೆಯು ಉತ್ತರಪ್ರಾಂತದ ಮುಸಲ್ಮಾನರೆಲ್ಲರನ್ನೂ, ಎಂದರೆ ಸುಮಾರು 70,000 ಜನರನ್ನು, ಹೊರದೂಡಿತು; ಜಾಫ್ನಾದವರಿಗೆ ಕೊಟ್ಟ ಗಡುವು ಎರಡು ಗಂಟೆ. ಶಾಂತಿಯನ್ನು ಕಾಪಾಡಲೆಂದು 1987ರಲ್ಲಿ ಹೋದ ಭಾರತದ ಸೈನ್ಯವು ಸುಮಾರು 1,200 ಯೋಧರನ್ನು ಕಳೆದುಕೊಂಡಿತು. ಆ ಸೈನ್ಯದ ಮೇಲೆಯೂ ಜಾಫ್ನಾದ ಆಸ್ಪತ್ರೆಯಲ್ಲಿ ರೋಗಿಗಳನ್ನೂ ವೈದ್ಯರನ್ನೂ ಕೊಂದಿತೆಂಬ ಆಪಾದನೆಯುಂಟು. ದಕ್ಷಿಣದಲ್ಲಿ 1987ರಿಂದ ಸಿಂಹಳ ಯುವಕರೆ ಎದ್ದ ದಂಗೆಯನ್ನು ಸರ್ಕಾರವು ಅಡಗಿಸಿದಾಗ ಹತ್ತಾರು ಸಾವಿರ ಮಂದಿ ಕಾಣೆಯಾದರು. ಹೀಗೆ ಆ ದ್ವೀಪದಲ್ಲಿ ಸಿಂಹಳ, ತಮಿಳು, ಮುಸಲ್ಮಾನ ಎಂಬ ಭೇದವಿಲ್ಲದೆ ಎಲ್ಲ ಮನೆಗಳಲ್ಲಿಯೂ ಅಳುವಿನ ಧ್ವನಿಯು ಎದ್ದಿತು.

ಎರಡು ಕಡೆಯ ಪಾಪವನ್ನೂ ಬರೆದಿಡಬೇಕೆಂದು ಹೊರಟವರೂ ಆಗ ಇದ್ದರು. ಜಾಫ್ನಾ ವಿಶ್ವವಿದ್ಯಾನಿಲಯದಲ್ಲಿ ಶರೀರರಚನಾಶಾಸ್ತ್ರವನ್ನು ಬೋಧಿಸುತ್ತಿದ್ದ ಡಾಕ್ಟರ್ ರಜನಿ ತಿರಣಗಮ ಎಂಬ ತಮಿಳು ಮಹಿಳೆಯು ಸಹೋದ್ಯೋಗಿಗಳೊಡನೆ ಸೇರಿ ಸರ್ಕಾರದ ಸೈನ್ಯ, ಭಾರತದ ಸೈನ್ಯ, ಹುಲಿಗಳ ಪಡೆ ಇವುಗಳಲ್ಲಿ ಯಾವುದು ಮಾಡಿದ ಅನ್ಯಾಯವನ್ನೂ ಬಿಡದೆ ಬರೆದರು. 1989ನೆಯ ಸೆಪ್ಟೆಂಬರ್ 21ರಂದು ಆಕೆಯನ್ನು ಗುಂಡಿಟ್ಟು ಕೊಂದರು. ನ್ಯಾಯಶಾಸ್ತ್ರಜ್ಞರಾಗಿ ಪ್ರಾಂತಗಳಿಗೆ ಅಧಿಕಾರವನ್ನು ಹಂಚುವ ರಾಜ್ಯಾಂಗದ ಕರಡನ್ನು ಸಿದ್ಧಪಡಿಸುತ್ತಿದ್ದ ನೀಲನ್ ತಿರುಚೆಲ್ವಂ ಎಂಬವರು 1999ನೆಯ ಜುಲೈ 29ರಂದು ಹುಲಿಗಳ ಬಾಂಬಿಗೆ ಬಲಿಯಾದರು. ಹಿಂಸೆಯ ಮಾರ್ಗವನ್ನು ಹಿಡಿದವರು ಎದುರಾಳಿಯ ಖಡ್ಗಕ್ಕಿಂತ ತಮ್ಮವರ ಸತ್ಯವಚನಕ್ಕೆ ಹೆಚ್ಚು ಅಂಜುವರು.

2009ನೆಯ ಇಸವಿ ಮೇ 18ರಂದು ಯುದ್ಧವು ಮುಗಿಯಿತೆಂದು ಸಾರಲ್ಪಟ್ಟಿತು. ಕಡೆಯ ತಿಂಗಳುಗಳಲ್ಲಿ ಲಕ್ಷಾಂತರ ಜನರು ಮುಲ್ಲೈತೀವಿನ ಸಮುದ್ರತೀರದ ಮುಳ್ಳಿವಾಯ್ಕಾಲ್ ಎಂಬ ಕಿರಿದಾದ ಮರಳುದಂಡೆಗೆ ದೂಡಲ್ಪಟ್ಟಿದ್ದರು. ಸಂಯುಕ್ತರಾಷ್ಟ್ರಸಂಘದ ಮಹಾಕಾರ್ಯದರ್ಶಿಗಳು ನೇಮಿಸಿದ ತಜ್ಞರ ಮಂಡಲಿಯು 2011ರಲ್ಲಿ ಕೊಟ್ಟ ವರದಿಯು ಎರಡು ಪಕ್ಷಗಳ ಮೇಲೂ ನಂಬತಕ್ಕ ಆಪಾದನೆಗಳಿರುವುವೆಂದು ಹೇಳಿತು. ಗುಂಡು ಹಾರಿಸುವುದಿಲ್ಲವೆಂದು ಸರ್ಕಾರವೆ ಗುರುತಿಸಿದ ಪ್ರದೇಶಗಳ ಮೇಲೆಯೂ ಆಸ್ಪತ್ರೆಗಳ ಮೇಲೆಯೂ ಫಿರಂಗಿಯ ಗುಂಡುಗಳು ಬಿದ್ದುವು. ಹುಲಿಗಳು ಜನರನ್ನು ಗುರಾಣಿಯನ್ನಾಗಿ ಮಾಡಿಕೊಂಡು, ತಪ್ಪಿಸಿಕೊಂಡು ಓಡುವವರ ಮೇಲೆ ಗುಂಡು ಹಾರಿಸಿದರು. ಸತ್ತ ಜನಸಾಮಾನ್ಯರ ಸಂಖ್ಯೆಯು 40,000ದವರೆಗೂ ಇದ್ದಿರಬಹುದೆಂದು ಆ ಮಂಡಲಿಯು ಎಣಿಸಿತು. ಬದುಕಿ ಬಂದ ಸುಮಾರು 2,80,000 ಮಂದಿಯನ್ನು ವವುನಿಯಾದ ಬಳಿ ಮುಳ್ಳುತಂತಿಯ ಬೇಲಿಯೊಳಗೆ ಇರಿಸಿದರು.

ಮನ್ನಾರಿನ ಕ್ರೈಸ್ತ ಧರ್ಮಾಧ್ಯಕ್ಷರಾಗಿದ್ದ ರಾಯಪ್ಪು ಜೋಸೆಫರು ಈ ಸಂದರ್ಭದಲ್ಲಿ ಮಾಡಿದ ಒಂದು ಲೆಕ್ಕವು ಸ್ಮರಣೀಯವಾದುದು. ಅವರು ಸರ್ಕಾರಿ ಕಚೇರಿಗಳ ಅಂಕೆಗಳನ್ನೆ ತೆಗೆದುಕೊಂಡರು. 2008ನೆಯ ಅಕ್ಟೋಬರಿನಲ್ಲಿ ಆ ಪ್ರದೇಶದಲ್ಲಿದ್ದ ಜನರು 4,29,059. ಯುದ್ಧವು ಮುಗಿದಾಗ ಸರ್ಕಾರದ ವಶಕ್ಕೆ ಬಂದವರು 2,82,380. ಉಳಿದ 1,46,679 ಜನರ ಗತಿಯೇನಾಯಿತು? 2011ನೆಯ ಜನವರಿಯಲ್ಲಿ ವಿಚಾರಣಾ ಮಂಡಲಿಯ ಮುಂದೆ ಅವರು ಕೇಳಿದ್ದು ಇಷ್ಟೆ. ಇವರೆಲ್ಲರೂ ಸತ್ತರೆಂದು ಅವರು ಸಾಧಿಸಲಿಲ್ಲ. ಲೆಕ್ಕವನ್ನು ವಿವರಿಸಬೇಕೆಂದು ಬೇಡಿದರು. 2021ರಲ್ಲಿ ಅವರು ಕಾಲವಾಗುವವರೆಗೂ ಆ ವ್ಯವಕಲನಕ್ಕೆ ಮನಸ್ಸು ಒಪ್ಪತಕ್ಕ ಸಮಾಧಾನವು ದೊರೆಯಲಿಲ್ಲ. ಮಠದ ಪಾರುಪತ್ಯಗಾರನು ಉಗ್ರಾಣದ ಅಕ್ಕಿಯಲ್ಲಿ ಒಂದು ಮೂಟೆ ಕಡಿಮೆಯಾದರೂ ಲೆಕ್ಕವನ್ನು ಒಪ್ಪಿಸಬೇಕಾಗುವುದು. ಮನುಷ್ಯರ ಲೆಕ್ಕವನ್ನು ಕೇಳಬಾರದೆಂದರೆ ಅದು ಯಾವ ನ್ಯಾಯ?

ಇಲ್ಲಿ ಎರಡು ಆಕ್ಷೇಪಗಳು ಹುಟ್ಟುವುವು. ಅವುಗಳನ್ನು ಲಘುವಾಗಿ ಎಣಿಸಬಾರದು.

ಮೊದಲನೆಯದು: ಭಯಂಕರವಾದ ಹಿಂಸೆಯಿಂದ ದೇಶವನ್ನು ಬಿಡಿಸಿದ ಸೈನಿಕರನ್ನು ಕಟಕಟೆಯಲ್ಲಿ ನಿಲ್ಲಿಸುವುದು ಕೃತಘ್ನತೆಯಲ್ಲವೆ ಎಂಬುದು. ದಕ್ಷಿಣದ ಬಡ ಹಳ್ಳಿಗಳಿಂದ ಹೋದ ಸಾವಿರಾರು ಸಿಂಹಳ ಯುವಕರು ಆ ಯುದ್ಧದಲ್ಲಿ ಮಡಿದುದು ನಿಜ. ಅವರ ತಾಯಂದಿರ ದುಃಖವು ಕಿಲಿನೊಚ್ಚಿಯ ತಾಯಂದಿರ ದುಃಖಕ್ಕಿಂತ ಎಳ್ಳಷ್ಟೂ ಕಡಿಮೆಯಲ್ಲ. ವಿಶಾಖಾ ಧರ್ಮದಾಸ ಎಂಬ ಸಿಂಹಳ ಮಾತೆಯ ಮಗನು 1998ರಲ್ಲಿ ಕಿಲಿನೊಚ್ಚಿಯ ಕಾಳಗದಲ್ಲಿ ಕಾಣೆಯಾದನು. ಆಕೆಯು ಇತರ ತಾಯಂದಿರನ್ನು ಕೂಡಿಕೊಂಡು, ಹುಲಿಗಳ ಸೀಮೆಯೊಳಕ್ಕೇ ಹೋಗಿ, ಅವರ ನಾಯಕರನ್ನು ಕಂಡು ಮಕ್ಕಳ ಸುದ್ದಿಯನ್ನು ಕೇಳಿದಳು. ಸತ್ತವನು ಯಾರೆಂದು ಗೊತ್ತಾಗುವಂತೆ ಪ್ರತಿಯೊಬ್ಬ ಸೈನಿಕನೂ ಗುರುತಿನ ಬಿಲ್ಲೆಯನ್ನು ಧರಿಸಬೇಕೆಂದು ಹೋರಾಡಿದಳು. ಆದುದರಿಂದ ಸತ್ಯದ ಬೇಡಿಕೆಯು ಒಂದು ಜನಾಂಗದ ಬೇಡಿಕೆಯಲ್ಲ. ಮೇಲಾಗಿ, ಧರ್ಮದಿಂದ ಕಾದಿದ ಸೈನಿಕನ ಕೀರ್ತಿಯನ್ನು ಉಳಿಸುವ ಉಪಾಯವು ಅಧರ್ಮವನ್ನಾಚರಿಸಿದವನನ್ನು ಬೇರ್ಪಡಿಸಿ ತೋರಿಸುವುದೆ ಆಗಿರುವುದು. ಎಲ್ಲರನ್ನೂ ಒಂದೆ ಹೊದಿಕೆಯಲ್ಲಿ ಮುಚ್ಚಿದರೆ ನಿರ್ದೋಷಿಗೂ ಕಳಂಕವು ಅಂಟುವುದು.

ಎರಡನೆಯದು: ಹಳೆಯ ಹುಣ್ಣನ್ನು ಏತಕ್ಕೆ ಕೆದಕಬೇಕು, ಕಾಲವೆ ಮಾಯಿಸುವುದಲ್ಲವೆ ಎಂಬುದು. ಮುಳ್ಳು ಒಳಗಿರುವಾಗ ಮೇಲಿನ ಚರ್ಮವು ಕೂಡಿಕೊಂಡರೆ ಅದನ್ನು ಮಾಯ್ದ ಹುಣ್ಣೆಂದು ಯಾವ ಹಳ್ಳಿಯ ವೈದ್ಯನೂ ಹೇಳನು. ಮರೆಯಿರೆಂದು ರಾಜಾಜ್ಞೆಯನ್ನು ಹೊರಡಿಸಿದ ಮಾತ್ರಕ್ಕೆ ಜನರು ಮರೆಯುವುದಿಲ್ಲವೆಂಬುದಕ್ಕೆ ಶರಣರ ಚರಿತ್ರೆಯೆ ಸಾಕ್ಷಿ. ಹರಳಯ್ಯ ಮಧುವರಸರನ್ನು ಎಳೆಹೂಟೆ ಕಟ್ಟಿಸಿ ಕೊಲ್ಲಿಸಿದ ಅರಸೊತ್ತಿಗೆಯು ಹೆಸರಿಲ್ಲದಂತಾಯಿತು. ಎಂಟು ಶತಮಾನಗಳು ಕಳೆದರೂ ಆ ಶರಣರ ಹೆಸರು ಭಕ್ತರ ಮನೆಗಳಲ್ಲಿ ನಿಂತಿರುವುದು.

ಹೀಗಿರಲು ಲಂಕೆಯ ಸರ್ಕಾರಗಳು ಏನು ಮಾಡಿದುವು? ಏನನ್ನೂ ಮಾಡಲಿಲ್ಲವೆಂದರೆ ಅದು ಅನ್ಯಾಯದ ಮಾತಾಗುವುದು. 2010ರಲ್ಲಿ ಅನುಭವಗಳಿಂದ ಪಾಠ ಕಲಿತು ಜನರನ್ನು ಕೂಡಿಸುವುದಕ್ಕೆಂದು ಒಂದು ವಿಚಾರಣಾ ಮಂಡಲಿಯು ನೇಮಿಸಲ್ಪಟ್ಟಿತು. ಅದು 2011ರಲ್ಲಿ ಕೊಟ್ಟ ವರದಿಯಲ್ಲಿ ಕಾಣೆಯಾದವರ ವಿಷಯವನ್ನು ಶೋಧಿಸಬೇಕು, ಜನರ ಭೂಮಿಯನ್ನು ಹಿಂದಿರುಗಿಸಬೇಕು, ರಾಷ್ಟ್ರಗೀತೆಯನ್ನು ಎರಡು ಭಾಷೆಗಳಲ್ಲಿಯೂ ಹಾಡಬೇಕು ಎಂಬ ಒಳ್ಳೆಯ ಸಲಹೆಗಳಿದ್ದುವು. 2015ರಲ್ಲಿ ಜಿನೀವಾ ನಗರದ ಮಾನವ ಹಕ್ಕುಗಳ ಸಭೆಯಲ್ಲಿ ಲಂಕೆಯ ಸರ್ಕಾರವೆ ಸಹಭಾಗಿಯಾಗಿ ಒಂದು ನಿರ್ಣಯವನ್ನು ಒಪ್ಪಿಕೊಂಡಿತು: ಸತ್ಯವನ್ನು ಶೋಧಿಸುವುದು, ಕಾಣೆಯಾದವರಿಗಾಗಿ ಒಂದು ಕಚೇರಿ, ನೊಂದವರಿಗೆ ಪರಿಹಾರ, ಅಪರಾಧಿಗಳಿಗೆ ನ್ಯಾಯವಿಚಾರಣೆ ಎಂದು ಅದರ ಅಂಗಗಳು ನಾಲ್ಕು. ಪ್ರಜೆಗಳ ಅಭಿಪ್ರಾಯವನ್ನು ಸಂಗ್ರಹಿಸಲು ನೇಮಿಸಿದ ಸಮಿತಿಯು 7,306 ನಿವೇದನೆಗಳನ್ನು ಪಡೆದು 2017ರಲ್ಲಿ ವರದಿಯನ್ನೊಪ್ಪಿಸಿತು. 2016ರಲ್ಲಿ ಕಾಣೆಯಾದವರ ಕಚೇರಿಯ ಕಾನೂನಾಯಿತು. ಬಂಧುಗಳಿಗೆ ಸತ್ಯವನ್ನು ತಿಳಿಯುವ ಹಕ್ಕುಂಟೆಂದು ಸ್ಪಷ್ಟವಾಗಿ ಸಾರುವ ಅಂತರರಾಷ್ಟ್ರೀಯ ಒಡಂಬಡಿಕೆಗೂ ಅದೇ ವರ್ಷ ಲಂಕೆಯು ಒಪ್ಪಿಗೆಯಿತ್ತಿತು.

ಆ ವರ್ಷ ನಡೆದ ಮತ್ತೊಂದು ಕಾರ್ಯವು ಚಿಕ್ಕದಾಗಿ ಕಂಡರೂ ಮರ್ಮವನ್ನರಿತ ಕಾರ್ಯ. ಅದುವರೆಗೆ ಕಾಣೆಯಾದವನ ಹೆಂಡತಿಗೆ ಮನೆಯ ಪತ್ರವನ್ನು ಬದಲಾಯಿಸಲು, ಬ್ಯಾಂಕಿನ ಹಣವನ್ನು ಪಡೆಯಲು ಮರಣದ ಪ್ರಮಾಣಪತ್ರವು ಬೇಕಾಗಿದ್ದಿತು. ಅದನ್ನು ಪಡೆಯಬೇಕಾದರೆ ಗಂಡನು ಸತ್ತನೆಂದು ಅವಳೆ ಬರೆದುಕೊಡಬೇಕು. ಅನೇಕರು ಹಸಿವನ್ನು ಸಹಿಸಿದರೇ ಹೊರತು ಆ ಕಾಗದಕ್ಕೆ ಸಹಿ ಹಾಕಲಿಲ್ಲ. 2016ರ ಕಾನೂನು ಕಾಣೆಯಾಗಿರುವನೆಂಬ ಬೇರೆ ಪ್ರಮಾಣಪತ್ರವನ್ನು ಕೊಡಲು ಏರ್ಪಾಟು ಮಾಡಿತು. ಸತ್ತನೆಂದು ಹೇಳದೆಯೆ ಅವಳು ತನ್ನ ಬಾಳನ್ನು ಸಾಗಿಸಬಹುದಾಯಿತು. ಕಾನೂನಿನೊಳಗೂ ಕರುಣೆಗೆ ಎಡೆಯುಂಟೆಂಬುದಕ್ಕೆ ಇದು ಸಾಕ್ಷಿ.

ಆದರೆ ಮಾತುಗಳು ಬಂದಷ್ಟು ಬೇಗ ಕಾರ್ಯಗಳು ಬರಲಿಲ್ಲ. ಕಾಣೆಯಾದವರ ಕಚೇರಿಗೆ ಅಧಿಕಾರಿಗಳನ್ನು ನೇಮಿಸುವುದಕ್ಕೇ 2018 ಬಂದಿತು. 2020ನೆಯ ಜನವರಿಯಲ್ಲಿ ಅಂದಿನ ಅಧ್ಯಕ್ಷರಾದ ಗೋಟಾಬಯ ರಾಜಪಕ್ಷರು ಕಾಣೆಯಾದವರು ವಾಸ್ತವವಾಗಿ ಸತ್ತಿರುವರೆಂದು ಹೇಳಿದರು. ಎಲ್ಲಿ ಸತ್ತರು, ಯಾರ ಕೈಯಲ್ಲಿ ಸತ್ತರು, ಮೂಳೆಗಳೆಲ್ಲಿ ಎಂಬುದನ್ನು ಹೇಳಲಿಲ್ಲ. ಮರುತಿಂಗಳು ಆ ಸರ್ಕಾರವು ಜಿನೀವಾದ ನಿರ್ಣಯದಿಂದ ಹಿಂದೆ ಸರಿಯಿತು. 2016ರ ಸ್ವಾತಂತ್ರ್ಯೋತ್ಸವದಲ್ಲಿ ಬಹುಕಾಲದ ಮೇಲೆ ತಮಿಳಿನಲ್ಲಿಯೂ ಹಾಡಲ್ಪಟ್ಟ ರಾಷ್ಟ್ರಗೀತೆಯು 2020ರ ಉತ್ಸವದಲ್ಲಿ ಮತ್ತೆ ಸಿಂಹಳಕ್ಕೆ ಸೀಮಿತವಾಯಿತು.

ಜೀವಂತರ ಹಕ್ಕಿಗೆ ಕುಂದು ಬಂದಂತೆ ಮೃತರ ಗೌರವಕ್ಕೂ ಕುಂದು ಬಂದಿತು. ಯುದ್ಧವು ಮುಗಿದ ತರುವಾಯ ಹುಲಿಗಳ ಪಡೆಯಲ್ಲಿ ಸತ್ತವರ ಸಮಾಧಿಸ್ಥಳಗಳನ್ನು ಯಂತ್ರಗಳಿಂದ ನೆಲಸಮ ಮಾಡಿದರು. ಜಾಫ್ನಾದ ಬಳಿಯ ಕೋಪ್ಪಾಯಿಯಲ್ಲಿ ಆ ಸ್ಥಳದ ಮೇಲೆಯೆ ಸೈನ್ಯದ ಶಿಬಿರವು ಎದ್ದಿತು. ಅಲ್ಲಿ ಮಲಗಿದ್ದವರಲ್ಲಿ ಬಲಾತ್ಕಾರದಿಂದ ಒಯ್ಯಲ್ಪಟ್ಟ ಬಾಲಕರೂ ಇದ್ದರು. ಆ ಪಡೆಯು ದುಷ್ಟವೆಂದೆ ಇಟ್ಟುಕೊಂಡರೂ ಸತ್ತ ಬಾಲಕನ ತಾಯಿಯು ಒಂದು ಹಣತೆಯನ್ನು ಹಚ್ಚುವುದರಿಂದ ಯಾವ ರಾಜ್ಯವು ಉರುಳುವುದು? 2021ನೆಯ ಜನವರಿ 8ರ ರಾತ್ರಿ ಜಾಫ್ನಾ ವಿಶ್ವವಿದ್ಯಾನಿಲಯದೊಳಗಿದ್ದ ಮುಳ್ಳಿವಾಯ್ಕಾಲಿನ ಸ್ಮಾರಕವನ್ನು ಕೆಡವಿದರು. ವಿದ್ಯಾರ್ಥಿಗಳು ಉಪವಾಸ ಹಿಡಿಯಲು ಕೆಲವೆ ದಿನಗಳಲ್ಲಿ ಮತ್ತೆ ಅಡಿಗಲ್ಲನ್ನಿಡಬೇಕಾಯಿತು.

ಇದಕ್ಕೆ ಮೇಲ್ಪಂಕ್ತಿಯಾಗಬಲ್ಲ ಕಥೆಯು ಆ ದ್ವೀಪದ ಪುರಾತನ ಗ್ರಂಥವಾದ ಮಹಾವಂಸದಲ್ಲಿಯೆ ಇರುವುದು. ಚೋಳದೇಶದಿಂದ ಬಂದ ಏಳಾರನೆಂಬ ಅರಸನು ಅನುರಾಧಪುರದಲ್ಲಿ 44 ವರ್ಷ ರಾಜ್ಯವಾಳಿದನು. ಮಿತ್ರಶತ್ರುಗಳೆಂಬ ಭೇದವಿಲ್ಲದೆ ನ್ಯಾಯವನ್ನು ನಡೆಸಿದನು. ಸಿಂಹಳರ ಅರಸನಾದ ದುಟ್ಟಗಾಮಣಿಯು ಅವನನ್ನು ದ್ವಂದ್ವಯುದ್ಧದಲ್ಲಿ ಕೊಂದನು. ಕೊಂದವನು ಅಲ್ಲಿಗೆ ನಿಲ್ಲಲಿಲ್ಲ. ಏಳಾರನು ಬಿದ್ದ ಸ್ಥಳದಲ್ಲಿಯೆ ಅವನ ಶವಸಂಸ್ಕಾರವನ್ನು ಮಾಡಿಸಿ, ಸ್ಮಾರಕವನ್ನು ಕಟ್ಟಿಸಿ, ಪೂಜೆಗೆ ಏರ್ಪಡಿಸಿದನು. ಮುಂದಿನ ಅರಸರೂ ಆ ಸ್ಥಳದ ಬಳಿ ಬಂದಾಗ ವಾದ್ಯಗಳನ್ನು ನಿಲ್ಲಿಸುತ್ತಿದ್ದರೆಂದು ಗ್ರಂಥವು ಹೇಳುವುದು. ದುಟ್ಟಗಾಮಣಿಯ ಜಯವನ್ನು ಹಾಡಿ ಹೊಗಳುವವರು ಅವನ ಈ ಗುಣವನ್ನೂ ಅನುಸರಿಸಿದ್ದರೆ ಅರ್ಧ ಸಂಧಾನವು ಅಂದೆ ಆಗಿಹೋಗುತ್ತಿದ್ದಿತು.

ಮತ್ತೊಂದು ಸಂಗತಿಯು ದಾಸೋಹವನ್ನು ಬಲ್ಲ ಈ ಸಭೆಯ ಹೃದಯವನ್ನು ತಟ್ಟತಕ್ಕದ್ದು. ಮುಳ್ಳಿವಾಯ್ಕಾಲಿನ ಮರಳಿನಲ್ಲಿ ಸಿಕ್ಕಿಕೊಂಡಿದ್ದ ಜನರಿಗೆ ಕಡೆಯ ವಾರಗಳಲ್ಲಿ ದೊರೆತ ಆಹಾರವೆಂದರೆ ಹಿಡಿ ಅಕ್ಕಿಯನ್ನು ನೀರಿನಲ್ಲಿ ಬೇಯಿಸಿದ ಗಂಜಿ. ಅದಕ್ಕಾಗಿ ಸಾಲಿನಲ್ಲಿ ನಿಂತವರ ಮೇಲೆಯೂ ಗುಂಡುಗಳು ಬಿದ್ದುವು. ಅದರ ನೆನಪಿಗಾಗಿ ಮೇ ತಿಂಗಳಲ್ಲಿ ತಮಿಳರು ಬೀದಿಬೀದಿಗಳಲ್ಲಿ ಅಂತಹ ಗಂಜಿಯನ್ನು ಬೇಯಿಸಿ ಬಂದವರಿಗೆಲ್ಲ ಹಂಚುವರು. ಸತ್ತವರ ಸ್ಮರಣೆಗೆ ಅನ್ನದಾನಕ್ಕಿಂತ ಸೌಮ್ಯವಾದ ಮಾರ್ಗವು ಮತ್ತೊಂದುಂಟೆ? ಆದರೆ 2024ನೆಯ ಮೇ ತಿಂಗಳಲ್ಲಿ ಪೂರ್ವತೀರದ ಸಂಪೂರಿನಲ್ಲಿ ಗಂಜಿಯನ್ನು ಹಂಚಿದ ಸ್ತ್ರೀಯರನ್ನು ಪೊಲೀಸರು ಸೆರೆಹಿಡಿದರು. ಅದಕ್ಕೆ ಎರಡು ವರ್ಷ ಮೊದಲು, 2022ನೆಯ ಮೇ 18ರಂದು, ಇದಕ್ಕೆ ವಿಪರೀತವಾದ ದೃಶ್ಯವೂ ಕಂಡಿದ್ದಿತು. ಅನ್ನ ಇಂಧನಗಳ ಅಭಾವದಿಂದ ಬೇಸತ್ತ ಪ್ರಜೆಗಳು ಕೊಲಂಬೊದ ಕಡಲತೀರದ ಬಯಲಿನಲ್ಲಿ ಸರ್ಕಾರಕ್ಕೆ ಎದುರಾಗಿ ನೆರೆದಿದ್ದ ಕಾಲವದು. ಅಲ್ಲಿ ಸಿಂಹಳ, ತಮಿಳು, ಮುಸಲ್ಮಾನ ಯುವಕರು ಒಟ್ಟಾಗಿ ಮುಳ್ಳಿವಾಯ್ಕಾಲಿನ ಮೃತರಿಗೆ ದೀಪವನ್ನು ಹಚ್ಚಿ ಆ ಗಂಜಿಯನ್ನು ಹಂಚಿಕೊಂಡು ಕುಡಿದರು. ಆಜ್ಞೆಯಿಂದಾಗದ ಕಾರ್ಯವು ಒಂದು ಬಟ್ಟಲು ಗಂಜಿಯಿಂದ ಆರಂಭವಾಯಿತು.

ಈ ದ್ವೀಪಕ್ಕೆ ಬೌದ್ಧಧರ್ಮವನ್ನು ತಂದ ಮಹಿಂದನು ಅಶೋಕ ಚಕ್ರವರ್ತಿಯ ಮಗನೆಂಬುದು ಆ ಗ್ರಂಥದ ಮಾತು. ಅಶೋಕನ ಶಾಸನಗಳು ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿಯೂ ಕಲಬುರ್ಗಿ ಸೀಮೆಯ ಸನ್ನತಿಯಲ್ಲಿಯೂ ದೊರೆತಿರುವುವು. ಕಳಿಂಗಯುದ್ಧವನ್ನು ಗೆದ್ದ ಆ ಚಕ್ರವರ್ತಿಯು ತನ್ನ 13ನೆಯ ಶಿಲಾಶಾಸನದಲ್ಲಿ ಒಂದು ಲಕ್ಷ ಜನರು ಹತರಾದರೆಂದೂ, ಒಂದೂವರೆ ಲಕ್ಷ ಜನರು ಸೆರೆಯಾಗಿ ಸಾಗಿಸಲ್ಪಟ್ಟರೆಂದೂ ತಾನಾಗಿಯೆ ಕೆತ್ತಿಸಿ ಪಶ್ಚಾತ್ತಾಪವನ್ನು ಸಾರಿದನು. ಗೆದ್ದವನೆ ಸತ್ತವರ ಲೆಕ್ಕವನ್ನು ಬಂಡೆಯ ಮೇಲೆ ಬರೆಯಿಸಿದುದು ಲೋಕದಲ್ಲಿ ಅಪೂರ್ವ. ಆದರೆ ವಿದ್ವಾಂಸರು ಗುರುತಿಸಿದ ಒಂದು ವಿಶೇಷವನ್ನು ಇಲ್ಲಿ ಗಮನಿಸಬೇಕು. ಕಳಿಂಗದೇಶದ ಬಂಡೆಗಳ ಮೇಲೆ ಆ ಶಾಸನವಿಲ್ಲ. ಅದರ ಸ್ಥಾನದಲ್ಲಿ ಬೇರೆ ಶಾಸನಗಳಿರುವುವು. ಕಾರಣವೇನೇ ಇರಲಿ, ನೊಂದವರ ನಾಡಿನಲ್ಲಿಯೆ ಆ ತಪ್ಪೊಪ್ಪಿಗೆಯು ಇಲ್ಲವಾಯಿತು. ಎಲ್ಲಿಯೋ ದೂರದ ನಗರದಲ್ಲಿ, ತಿಳಿಯದ ಭಾಷೆಯಲ್ಲಿ ಮಾಡಿದ ಒಪ್ಪಿಗೆಯು ನೊಂದವರ ಕಿವಿಯನ್ನು ಮುಟ್ಟದು. ಲಂಕೆಯ ರಾಜ್ಯವು ಹೇಳಬೇಕಾದ ಸತ್ಯವನ್ನು ಕಿಲಿನೊಚ್ಚಿಯಲ್ಲಿ, ತಮಿಳಿನಲ್ಲಿ, ಆ ತಾಯಂದಿರ ಮುಖವನ್ನು ನೋಡಿ ಹೇಳಬೇಕಾಗಿರುವುದು. ಅಂತೆಯೆ ತಮಿಳರ ಮುಖಂಡರು ಜಾಫ್ನಾದ ಮುಸಲ್ಮಾನರಿಗೂ ಅನುರಾಧಪುರದ ಯಾತ್ರಿಕರ ಮನೆಯವರಿಗೂ ತಮ್ಮವರಿಂದಾದ ಅನ್ಯಾಯವನ್ನು ಸಿಂಹಳದಲ್ಲಿಯೂ ಒಪ್ಪಿ ಹೇಳಬೇಕು.

2024ರಲ್ಲಿ ಲಂಕೆಯ ಪ್ರಜೆಗಳು ಅನುರ ಕುಮಾರ ದಿಸಾನಾಯಕರನ್ನು ಅಧ್ಯಕ್ಷಪದವಿಗೆ ಆರಿಸಿದರು. ಹಿಂದೆ ದಕ್ಷಿಣದಲ್ಲಿ ಎರಡು ಸಲ ದಂಗೆಯೆದ್ದು, ಕೊಂದು, ಕೊಲ್ಲಿಸಿಕೊಂಡ ಪಕ್ಷವು ಅವರದು; ಕಾಣೆಯಾದ ಮಗನಿಗಾಗಿ ಬಾಗಿಲಲ್ಲಿ ಕಾಯುವ ತಾಯಿಯೆಂದರೇನೆಂಬುದು ಆ ಪಕ್ಷದ ಮನೆಗಳಿಗೆ ತಿಳಿದ ವಿಷಯ. 2025ರಲ್ಲಿ ಜಾಫ್ನಾದ ಬಳಿಯ ಚೆಮ್ಮಣಿಯಲ್ಲಿ ನೆಲವನ್ನು ಅಗೆಯುತ್ತಿದ್ದ ಕೆಲಸಗಾರರಿಗೆ ಮೂಳೆಗಳು ಸಿಕ್ಕಿದುವು. ನ್ಯಾಯಾಲಯದ ಆಜ್ಞೆಯಂತೆ ಅಗೆದಾಗ 200ಕ್ಕೂ ಹೆಚ್ಚು ಅಸ್ಥಿಪಂಜರಗಳು ಹೊರಬಂದುವು. ಅವುಗಳಲ್ಲಿ ಎಳೆಯ ಮಕ್ಕಳದೂ ಇದ್ದುವು, ಜೊತೆಯಲ್ಲಿ ಒಂದು ಶಾಲೆಯ ಚೀಲವೂ ಇದ್ದಿತು. 1998ರಲ್ಲಿಯೆ ಕೊಲೆಯ ಅಪರಾಧಕ್ಕೆ ಶಿಕ್ಷೆ ಹೊಂದಿದ ಸೈನಿಕನೊಬ್ಬನು ಚೆಮ್ಮಣಿಯಲ್ಲಿ ನೂರಾರು ಹೆಣಗಳನ್ನು ಹೂಳಿರುವುದಾಗಿ ನ್ಯಾಯಾಲಯದಲ್ಲಿ ಹೇಳಿದ್ದನು. ಮರುವರ್ಷ ಅಗೆದಾಗ 15 ಹೆಣಗಳು ಸಿಕ್ಕಿದ್ದುವು. ಆಮೇಲೆ ಕಾಲು ಶತಮಾನ ಆ ನೆಲವು ಮೌನವಾಗಿದ್ದಿತು. ಮನುಷ್ಯರು ಮುಚ್ಚಿಟ್ಟ ಸತ್ಯವನ್ನು ಭೂಮಿಯು ತಾನೆ ಹೊರಗಿಟ್ಟಿತು.

ಶರಣಬಂಧುಗಳೆ, ಈ ವೃತ್ತಾಂತದಿಂದ ಮಠದ ಭಕ್ತರು ಗ್ರಹಿಸತಕ್ಕ ಸಾರವು ಮೂರು ಮಾತುಗಳಲ್ಲಿ ಅಡಗಿರುವುದು. ಧರ್ಮಪೀಠಗಳು ದ್ವೇಷಕ್ಕೆ ನಾಲಗೆಯನ್ನು ಕೊಟ್ಟರೆ ರಾಜ್ಯವನ್ನು ಸುಡಬಲ್ಲುವು. ನೊಂದವರಿಗೆ ಕಿವಿಯನ್ನು ಕೊಟ್ಟರೆ ರಾಜ್ಯವನ್ನು ಉಳಿಸಬಲ್ಲುವು. ಕ್ಷಮಿಸುವ ಅಧಿಕಾರವು ನೊಂದವನಿಗೆ ಸೇರಿದ್ದು. ನೋಯಿಸಿದವನು ಅದನ್ನು ಬೇಡಬಹುದಲ್ಲದೆ ವಿಧಿಸಲಾಗದು. ತನ್ನ ಹಿರಿಯರ ಗದ್ದುಗೆಗೆ ಮಣಿಯುವವನು ಶತ್ರುವಿನ ಸಮಾಧಿಯನ್ನೂ ಮೆಟ್ಟಲಾಗದು. ಈ ಮಹೋತ್ಸವದ ದೀಪಗಳನ್ನು ಗದ್ದುಗೆಯ ಮುಂದೆ ಹಚ್ಚುವಾಗ, ಹಣತೆಯನ್ನಿಡಲು ಒಂದು ಗೇಣು ನೆಲವನ್ನು ಹುಡುಕುತ್ತಿರುವ ಆ ತಾಯಂದಿರನ್ನು ಒಂದು ಕ್ಷಣ ನೆನೆಯೋಣ. ಅವರಿಗೆ ಉತ್ತರವು ದೊರೆಯಲಿ, ಅವರ ಮಕ್ಕಳಿಗೆ ನೆಲವು ದೊರೆಯಲಿ, ಆ ದ್ವೀಪಕ್ಕೆ ನಿಜವಾದ ಶಾಂತಿಯು ದೊರೆಯಲಿ ಎಂದು ಪರಶಿವನಲ್ಲಿ ಪ್ರಾರ್ಥಿಸಿ ಈ ಉಪನ್ಯಾಸವನ್ನು ಸಮಾಪ್ತಿಗೊಳಿಸಲಾಗುವುದು.